ಎಮ್ಮಿಯ ಮನೆಯಲ್ಲಿ ಕೂಸ್‌ಕೂಸ್ ಯಾಕೆ ಬೇಯಲಿಲ್ಲ?

ಎಲ್ಲರಿಗೂ ನಮಸ್ಕಾರ.

ಈಗಷ್ಟೇ ನಾವೆಲ್ಲ ನೋಡಿದ ಸಿನಿಮಾ 93 ನಿಮಿಷದ್ದು. 1973ರ ಸೆಪ್ಟೆಂಬರ್‌ನಲ್ಲಿ, ಮ್ಯೂನಿಕ್ ನಗರದಲ್ಲಿ, ಎರಡು ವಾರದಷ್ಟು ಸಮಯದಲ್ಲಿ ಇದರ ಶೂಟಿಂಗ್ ಮುಗಿಯಿತು. ನಿರ್ದೇಶಕ ರೈನರ್ ವೆರ್ನರ್ ಫಾಸ್‌ಬಿಂಡರ್‌ಗೆ ಆಗ 28 ವರ್ಷ. ಎರಡು ದೊಡ್ಡ ಕೆಲಸಗಳ ನಡುವೆ ಸ್ವಲ್ಪ ಬಿಡುವು ಸಿಕ್ಕಿತ್ತು, ಸುಮ್ನೆ ಕೂರುವ ಜಾಯಮಾನ ಅವನದಲ್ಲ, ಇದನ್ನು ಮಾಡಿ ಮುಗಿಸಿದ. 1974ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ವಿಮರ್ಶಕರ ಪ್ರಶಸ್ತಿ ಬಂತು. ಇಂಗ್ಲಿಷಿನಲ್ಲಿ 'ಅಲಿ: ಫಿಯರ್ ಈಟ್ಸ್ ದ ಸೋಲ್' ಅಂತ ಕರೆಯುತ್ತಾರೆ. ನಾವು ಬೇಕಾದರೆ 'ಭಯ ಜೀವ ತಿನ್ನುತ್ತೆ' ಅನ್ನಬಹುದು. ನೆಲ ಒರೆಸುವ ಕೆಲಸದ ಅರವತ್ತರ ಎಮ್ಮಿ, ಮೊರಾಕೊದಿಂದ ದುಡಿಯಲು ಬಂದ ಅಲಿ, ಇವರಿಬ್ಬರ ಪ್ರೇಮಕಥೆ ಇದು.

ನನಗೆ ಕೊಟ್ಟ ವಿಷಯ 'ಹಳೆಯ ಯುರೋಪಿಯನ್ ಪ್ರೇಮಕಥೆಗಳಲ್ಲಿ ವೈವಿಧ್ಯ ಮತ್ತು ಪ್ರಾತಿನಿಧ್ಯ'. ಹತ್ತು ಚಿತ್ರಗಳ ಹೆಸರು ಹೇಳಿ ಒಂದೊಂದಕ್ಕೂ ಮಾರ್ಕ್ಸ್ ಕೊಡುವ ಕೆಲಸ ನನ್ನಿಂದ ಆಗುವುದಿಲ್ಲ. ಆದ್ದರಿಂದ ಇದೊಂದೇ ಚಿತ್ರದ ಬಗ್ಗೆ ಮಾತಾಡುತ್ತೇನೆ. ಹೇಳಬೇಕಾದ್ದು ಮುಖ್ಯವಾಗಿ ಒಂದೇ ಮಾತು. ಈ ಚಿತ್ರವನ್ನು ಹೊಗಳುವವರು ಹೆಚ್ಚಾಗಿ ಅದರ ಮೊದಲರ್ಧವನ್ನು ಹೊಗಳುತ್ತಾರೆ, ಯಾಕೆಂದರೆ ಅಲ್ಲಿ ಕೆಟ್ಟವರು ಕೆಟ್ಟವರಾಗಿಯೇ ಕಾಣುತ್ತಾರೆ. ನನ್ನ ಪ್ರಕಾರ ಚಿತ್ರದ ನಿಜವಾದ ಕಸುವು ಇರುವುದು ಎರಡನೇ ಅರ್ಧದಲ್ಲಿ. ಎಲ್ಲರೂ ಒಳ್ಳೆಯವರಾದ ಮೇಲೆ.

ಮೊದಲು ಆ ಊರು, ಆ ಕಾಲದ ಬಗ್ಗೆ ಸ್ವಲ್ಪ. ಯುದ್ಧ ಮುಗಿದ ಮೇಲೆ ಪಶ್ಚಿಮ ಜರ್ಮನಿಯ ಕಾರ್ಖಾನೆಗಳು ಬೆಳೆದವು, ಆದರೆ ಕೆಲಸಕ್ಕೆ ಜನ ಸಾಲಲಿಲ್ಲ. ಸರ್ಕಾರ ಬೇರೆ ದೇಶಗಳ ಜೊತೆ ಒಪ್ಪಂದ ಮಾಡಿಕೊಂಡು ಕೆಲಸಗಾರರನ್ನು ಕರೆಸತೊಡಗಿತು. 1955ರಲ್ಲಿ ಇಟಲಿ, 1960ರಲ್ಲಿ ಸ್ಪೇನ್ ಮತ್ತು ಗ್ರೀಸ್, 1961ರಲ್ಲಿ ಟರ್ಕಿ, 1963ರಲ್ಲಿ ಮೊರಾಕೊ, ಆಮೇಲೆ ಪೋರ್ಚುಗಲ್, ಟುನೀಶಿಯಾ, 1968ರಲ್ಲಿ ಯುಗೋಸ್ಲಾವಿಯ. ಇವರನ್ನು 'ಅತಿಥಿ ಕಾರ್ಮಿಕರು' ಅಂದರು. ಬರಬೇಕು, ದುಡಿಯಬೇಕು, ಕೆಲಸ ಮುಗಿದ ಮೇಲೆ ವಾಪಸ್ ಹೋಗಬೇಕು, ಲೆಕ್ಕ ಇಷ್ಟೇ. ಹೋಗಲಿಲ್ಲ. 1973ರ ಹೊತ್ತಿಗೆ ಅಲ್ಲಿ ಇಂಥ ಕೆಲಸಗಾರರು 25 ಲಕ್ಷಕ್ಕಿಂತ ಜಾಸ್ತಿ ಇದ್ದರು. ಆ ವರ್ಷದ ನವೆಂಬರ್ 23ರಂದು ಸರ್ಕಾರ ನೇಮಕಾತಿಯನ್ನೇ ನಿಲ್ಲಿಸಿತು. ಅಂದರೆ ಈ ಚಿತ್ರದ ಶೂಟಿಂಗ್ ಮುಗಿದು ತೆರೆಗೆ ಬರುವಷ್ಟರಲ್ಲಿ ಬಾಗಿಲು ಹಾಕಿಯಾಗಿತ್ತು.

ಇನ್ನೊಂದು ವಿಷಯವೂ ಗೊತ್ತಿರಬೇಕು. ಅದರ ಹಿಂದಿನ ವರ್ಷ, 1972ರಲ್ಲಿ, ಇದೇ ಮ್ಯೂನಿಕ್‌ನ ಒಲಿಂಪಿಕ್ಸ್‌ನಲ್ಲಿ ಪ್ಯಾಲೆಸ್ತೀನಿ ಉಗ್ರರು ಇಸ್ರೇಲ್ ತಂಡದ 11 ಮಂದಿಯನ್ನು ಕೊಂದಿದ್ದರು. ಆಮೇಲೆ ಆ ಊರಿನಲ್ಲಿ ಅರಬ್ ಮುಖದ ಗಂಡಸು ಬಸ್ ಹತ್ತಿದರೂ ಜನ ಎರಡು ಸಲ ನೋಡುವ ಹಾಗಾಗಿತ್ತು. ಚಿತ್ರದಲ್ಲಿ ಅಕ್ಕಪಕ್ಕದ ಹೆಂಗಸರು ಅಲಿಯನ್ನು ನೋಡುವ ನೋಟವಿದೆಯಲ್ಲ, ಮಹಡಿ ಮೆಟ್ಟಿಲಿನ ಮೇಲಿಂದ, ಅದರ ಹಿಂದೆ ಇಷ್ಟೆಲ್ಲ ಇದೆ.

ಕಥೆಯ ಚೌಕಟ್ಟು ಹಾಲಿವುಡ್‌ನಿಂದ ಬಂದದ್ದು. ಡಗ್ಲಾಸ್ ಸರ್ಕ್ ಅಂತ ಒಬ್ಬ ನಿರ್ದೇಶಕ. ಹುಟ್ಟಿದ್ದು ಹ್ಯಾಂಬರ್ಗ್‌ನಲ್ಲಿ, ಮೊದಲಿನ ಹೆಸರು ಡೆಟ್ಲೆಫ್ ಸೀರ್ಕ್. ಹೆಂಡತಿ ಯಹೂದಿ. ನಾಜಿಗಳ ಕಾಲದಲ್ಲಿ ದೇಶ ಬಿಟ್ಟು ಅಮೆರಿಕಕ್ಕೆ ಹೋದವನು. 1955ರಲ್ಲಿ ಅವನು 'ಆಲ್ ದಟ್ ಹೆವನ್ ಅಲೌಸ್' ಅನ್ನುವ ಚಿತ್ರ ಮಾಡಿದ. ಅನುಕೂಲಸ್ಥ ವಿಧವೆಯೊಬ್ಬಳು ತನಗಿಂತ ಚಿಕ್ಕವನಾದ ತೋಟದ ಕೆಲಸದವನನ್ನು ಪ್ರೀತಿಸುತ್ತಾಳೆ. ಮಕ್ಕಳು ಒಪ್ಪುವುದಿಲ್ಲ. ಅಮ್ಮನ ಒಂಟಿತನ ಕಳೆಯಲಿ ಅಂತ ಒಂದು ಟಿವಿ ತಂದು ಕೊಡುತ್ತಾರೆ. ಫಾಸ್‌ಬಿಂಡರ್‌ಗೆ ಸರ್ಕ್ ಅಂದರೆ ಪ್ರಾಣ. ಅವನ ಬಗ್ಗೆ 1971ರಲ್ಲೇ ಒಂದು ಲೇಖನ ಬರೆದಿದ್ದ. ಈ ಚಿತ್ರದಲ್ಲಿ ಎಮ್ಮಿಯ ಮಗ ಬ್ರೂನೊ ಎದ್ದು ಹೋಗಿ ಅಮ್ಮನ ಟಿವಿಗೆ ಒದೆಯುತ್ತಾನಲ್ಲ, ಅದು ಸರ್ಕ್‌ನ ಆ ಟಿವಿಗೆ ಕೊಟ್ಟ ಉತ್ತರ.

ಆದರೆ ಫಾಸ್‌ಬಿಂಡರ್ ಚೌಕಟ್ಟು ತೆಗೆದುಕೊಂಡು ಒಳಗಿನ ಮನುಷ್ಯರನ್ನೇ ಬದಲಾಯಿಸಿದ. ಅನುಕೂಲಸ್ಥ ವಿಧವೆಯ ಜಾಗಕ್ಕೆ ಕಟ್ಟಡಗಳ ನೆಲ ಒರೆಸುವ ಅರವತ್ತರ ಎಮ್ಮಿ ಬಂದಳು. ಕಟ್ಟುಮಸ್ತಾದ ಅಮೆರಿಕನ್ ತರುಣನ ಜಾಗಕ್ಕೆ ಗ್ಯಾರೇಜಿನಲ್ಲಿ ಕೆಲಸ ಮಾಡುವ ಮೊರಾಕೊದವನು ಬಂದ. ಅವನಿಗೂ ಅವಳಿಗೂ ಹತ್ತಿರಹತ್ತಿರ 20 ವರ್ಷದ ಅಂತರ. ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅರವತ್ತರ ನಾಯಕ ಇಪ್ಪತ್ತೈದರ ನಾಯಕಿಯ ಸೊಂಟ ಹಿಡಿದು ಕುಣಿದರೆ ನಮ್ಮಲ್ಲಿ ಯಾರೂ ವಯಸ್ಸಿನ ಲೆಕ್ಕ ಕೇಳುವುದಿಲ್ಲ. ಎಮ್ಮಿ ಅಲಿಯ ಜೊತೆ ಕುಣಿಯುವಾಗ ಮಾತ್ರ ನಾವೂ ಲೆಕ್ಕ ಹಾಕುತ್ತೇವೆ. ಇವತ್ತು ಈ ಹಾಲ್‌ನಲ್ಲೂ ಮೊದಲ ಕುಣಿತಕ್ಕೆ ಕೆಲವರು ಕಿಸಕ್ಕನೆ ನಕ್ಕಿದ್ದು ಕೇಳಿಸಿತು. ತಪ್ಪೇನಿಲ್ಲ. ಇಬ್ಬರೂ ಮೊದಲು ಭೇಟಿಯಾಗುವ ಬಾರಿನಲ್ಲಿದ್ದವರೂ ಹಾಗೇ ನಗುತ್ತಾ ಅಲಿಯನ್ನು ಕಳಿಸಿದ್ದು. ಆ ಮುದುಕಿ ಜೊತೆ ಕುಣಿ ಹೋಗು ಅಂತ.

ಈಗ ಹೆಸರಿನ ಸಂಗತಿಗೆ ಬರೋಣ. ಅವನ ಹೆಸರು ಅಲಿ ಅಲ್ಲ. ಎಮ್ಮಿ ಕೇಳಿದಾಗ ಅವನು ಉದ್ದದ ಹೆಸರೊಂದನ್ನು ಹೇಳುತ್ತಾನೆ: ಎಲ್ ಹೆದಿ ಬೆನ್ ಸಾಲೆಮ್ ಎಂಬಾರೆಕ್ ಮೊಹಮ್ಮದ್ ಮುಸ್ತಫಾ. ಎಲ್ಲರೂ ಅಲಿ ಅನ್ನುತ್ತಾರೆ, ಹಾಗಾಗಿ ಈಗ ನಾನು ಅಲಿ ಅನ್ನುತ್ತಾನೆ. ನಮ್ಮ ಅಪಾರ್ಟ್‌ಮೆಂಟುಗಳ ಗೇಟಿನಲ್ಲಿ ನಿಲ್ಲುವ ನೇಪಾಳದ ಹುಡುಗರನ್ನೆಲ್ಲ ನಾವು ಬಹಾದ್ದೂರ್ ಅಂದುಬಿಡುವ ಹಾಗೆ. ಕರೆಯುವವರಿಗೆ ಬೈಯುತ್ತಿದ್ದೇವೆ ಅಂತಲೂ ಅನ್ನಿಸಿರುವುದಿಲ್ಲ. ಆ ಉದ್ದದ ಹೆಸರು ಪಾತ್ರಕ್ಕಾಗಿ ಹುಟ್ಟಿಸಿದ್ದಲ್ಲ. ಆ ಪಾತ್ರ ಮಾಡಿದ ನಟನದೇ ಸ್ವಂತ ಹೆಸರು. ಎಮ್ಮಿ ಅದನ್ನು ಕೇಳಿಸಿಕೊಳ್ಳುತ್ತಾಳೆ, ಕೊನೆಯವರೆಗೂ ಅಲಿ ಅಂತಲೇ ಕರೆಯುತ್ತಾಳೆ. ಪ್ರೀತಿಯಿಂದಲೇ ಕರೆಯುತ್ತಾಳೆ. ಆ ಪ್ರೀತಿಯ ಬಗ್ಗೆ ನನಗೆ ಅನುಮಾನ ಇಲ್ಲ.

ಇವರ ಮದುವೆ ಹೇಗೆ ನಿಶ್ಚಯವಾಯಿತು ಅನ್ನುವುದು ಪ್ರೇಮಕಥೆಗಳಲ್ಲೇ ಅಪರೂಪದ್ದು. ಅಲಿ ಅಲ್ಲಿಯವರೆಗೆ ಒಂದೇ ಕೋಣೆಯಲ್ಲಿ ಆರು ಜನರ ಜೊತೆ ಮಲಗುತ್ತಿದ್ದವನು. ಎಮ್ಮಿಯ ಮನೆಗೆ ಬಂದ. ಅಕ್ಕಪಕ್ಕದವರು ಚಾಡಿ ಹೇಳಿದರು. ಮನೆ ಓನರ್‌ನ ಮಗ ಬಂದ. ಕೂಗಾಡುವವನಲ್ಲ, ಮರ್ಯಾದಸ್ಥ. ಒಳಬಾಡಿಗೆಗೆ ಯಾರನ್ನೂ ಇಟ್ಟುಕೊಳ್ಳುವಂತಿಲ್ಲ, ಕರಾರಿನಲ್ಲಿದೆ ಅಂದ. ಎಮ್ಮಿಗೆ ಏನು ಹೇಳಬೇಕೋ ತೋಚದೆ, ಇವನು ಬಾಡಿಗೆಯವನಲ್ಲ, ನಾವು ಮದುವೆಯಾಗುವವರು ಅಂತ ಸುಳ್ಳು ಹೇಳಿಬಿಟ್ಟಳು. ಓನರ್ ಮಗನಿಗೆ ಅದು ಸಾಕಾಯಿತು. ಅವನು ಹೋದ ಮೇಲೆ ಅವಳು ಕ್ಷಮೆ ಕೇಳುವ ಹೊತ್ತಿಗೆ ಅಲಿಗೆ ಅದೇ ಒಳ್ಳೆ ಐಡಿಯಾ ಅನ್ನಿಸಿತ್ತು. ಮೊಣಕಾಲೂರುವುದಿಲ್ಲ, ಉಂಗುರ ಚಾಚುವುದಿಲ್ಲ. ಬಾಡಿಗೆ ಕರಾರಿನ ಒಂದು ಸಾಲು ಇಬ್ಬರಿಗೂ ಗಂಟು ಹಾಕಿತು. ಪರದೇಶದಲ್ಲಿ ಇರುವವರ ಪ್ರೀತಿಗೆ ಕಾಗದಪತ್ರ ಎಷ್ಟು ಹತ್ತಿರ ಅನ್ನುವುದನ್ನು ಇದಕ್ಕಿಂತ ಸರಳವಾಗಿ ತೋರಿಸಿದ ದೃಶ್ಯ ನನಗೆ ಗೊತ್ತಿಲ್ಲ.

ಮದುವೆ ಮುಗಿಸಿ ಅವರು ಊಟಕ್ಕೆ ಹೋಗುವ ಜಾಗ ನೋಡಿ. ಮ್ಯೂನಿಕ್‌ನ ಶೆಲ್ಲಿಂಗ್ ಬೀದಿಯ ಒಂದು ಇಟಾಲಿಯನ್ ಹೋಟೆಲು. ಅದು ನಿಜವಾಗಿಯೂ ಇರುವ ಹೋಟೆಲು, ಹಿಟ್ಲರ್ ನಿಜವಾಗಿಯೂ ಅಲ್ಲಿ ಊಟಕ್ಕೆ ಬರುತ್ತಿದ್ದ. ಎಮ್ಮಿ ಅದನ್ನು ಹೇಳುವುದು ಯಾವ ದನಿಯಲ್ಲಿ ಅಂದರೆ, ನಮ್ಮೂರಿನ ದೊಡ್ಡ ಮನುಷ್ಯರು ಬರುವ ಜಾಗ, ನನಗೂ ಒಮ್ಮೆ ಒಳಗೆ ಹೋಗಬೇಕು ಅಂತ ಆಸೆಯಿತ್ತು ಅನ್ನುವ ದನಿಯಲ್ಲಿ. ಅದಕ್ಕೆ ಮುಂಚೆಯೇ ಅವಳು ಅಲಿಗೆ ತನ್ನ ಅಪ್ಪ ನಾಜಿ ಪಕ್ಷದವನು, ಪರದೇಶದವರನ್ನು ಕಂಡರೆ ಆಗದವನು ಅಂತ ಹೇಳಿದ್ದಾಳೆ. ತಾನೂ ಪಕ್ಷದಲ್ಲಿದ್ದೆ, ಆಗ ಎಲ್ಲರೂ ಇದ್ದರಲ್ಲ ಅಂದಿದ್ದಾಳೆ. ಕಣ್ಣೀರಿಲ್ಲ, ಪಶ್ಚಾತ್ತಾಪದ ಭಾಷಣ ಇಲ್ಲ. ಅವಳು ಮದುವೆಯಾಗಿದ್ದ ಮೊದಲ ಗಂಡನೂ ಪೋಲೆಂಡ್‌ನಿಂದ ಬಂದ ಕೆಲಸಗಾರ. ಅದಕ್ಕೇ ಅವಳ ಮನೆತನದ ಹೆಸರು ಕುರೊವ್ಸ್ಕಿ. ಒಬ್ಬಳೇ ಹೆಂಗಸು ಹಿಟ್ಲರನ ಪಕ್ಷದಲ್ಲೂ ಇದ್ದಳು, ಎರಡು ಸಲ ಪರದೇಶದವನನ್ನೂ ಕಟ್ಟಿಕೊಂಡಳು. ಫಾಸ್‌ಬಿಂಡರ್ ಎರಡನ್ನೂ ಹೇಳುತ್ತಾನೆ, ಒಂದನ್ನು ಇನ್ನೊಂದರಿಂದ ತೊಳೆಯಲು ಹೋಗುವುದಿಲ್ಲ.

ಎಮ್ಮಿಯ ಪಾತ್ರ ಮಾಡಿದ ಬ್ರಿಗಿಟ್ಟೆ ಮೀರಾ ಯಾರು ಅಂತ ಗೊತ್ತಾದರೆ ಈ ದೃಶ್ಯ ಇನ್ನಷ್ಟು ಚುಚ್ಚುತ್ತದೆ. ಹುಟ್ಟಿದ್ದು 1910ರಲ್ಲಿ, ಹ್ಯಾಂಬರ್ಗ್‌ನಲ್ಲಿ. ಅಪ್ಪ ರಷ್ಯಾದಿಂದ ಬಂದ ಯಹೂದಿ ಪಿಯಾನೊ ವಾದಕ. ನಾಜಿಗಳ ಕಾಲದಲ್ಲಿ ಅದನ್ನು ಮುಚ್ಚಿಟ್ಟುಕೊಂಡೇ ಅವಳು ರಂಗದ ಮೇಲೆ ಹಾಡಿ ಬದುಕಿದಳು. ಸಾಲದ್ದಕ್ಕೆ ಆ ಸರ್ಕಾರದ ಪ್ರಚಾರಕ್ಕಾಗಿ ತೆಗೆದ ಕಿರುಚಿತ್ರಗಳಲ್ಲಿ ನಟಿಸಿದಳು. ಅದರಲ್ಲಿ ಇಬ್ಬರು ಹೆಂಗಸರು. ಒಬ್ಬಳು ದೇಶಭಕ್ತೆ ಲೀಸೆ. ಇನ್ನೊಬ್ಬಳು ಶತ್ರು ರೇಡಿಯೊ ಕೇಳುವ ಕೆಟ್ಟವಳು ಮೀಸೆ. ಮೀರಾ ಮಾಡಿದ್ದು ಮೀಸೆಯ ಪಾತ್ರ. ಜನ ಕೆಟ್ಟವಳನ್ನೇ ಇಷ್ಟಪಟ್ಟುಬಿಟ್ಟರು, ಸರಣಿ ನಿಂತುಹೋಯಿತು. ಯುದ್ಧದ ನಂತರ ಹಾಸ್ಯ, ಆಪೆರೆಟ್ಟಾ ಅನ್ನುವ ಹಗುರ ಸಂಗೀತ ನಾಟಕ ಅಂತ ಕಾಲ ಹಾಕುತ್ತಿದ್ದ ಇವಳನ್ನು ಫಾಸ್‌ಬಿಂಡರ್ ಅರವತ್ತು ದಾಟಿದ ಮೇಲೆ ನಾಯಕಿಯಾಗಿ ನಿಲ್ಲಿಸಿದ. ಜರ್ಮನಿಯ ರಾಷ್ಟ್ರೀಯ ಚಿತ್ರ ಪ್ರಶಸ್ತಿ ಅವಳಿಗೆ ಬಂತು. ಪ್ರಾತಿನಿಧ್ಯದ ಮಾತು ಬಂದಾಗ ನಾವು ಅಲಿಯ ಬಣ್ಣವನ್ನಷ್ಟೇ ನೋಡುತ್ತೇವೆ. ಸುಕ್ಕು ಬಿದ್ದ ಮುಖದ, ಪುಟ್ಟ ದೇಹದ, ಕೈಯಲ್ಲಿ ನೆಲ ಒರೆಸುವ ಬಟ್ಟೆ ಹಿಡಿದ ಹೆಂಗಸೊಬ್ಬಳು ಪ್ರೇಮಕಥೆಯ ನಾಯಕಿಯಾಗಿರುವುದು ಅಷ್ಟೇ ದೊಡ್ಡ ವಿಷಯ, ಅಲ್ವಾ?

ಮೊದಲರ್ಧದ ಹಿಂಸೆಗಳನ್ನು ಬೇಗ ದಾಟಿಬಿಡುತ್ತೇನೆ, ನೀವು ನೋಡಿದ್ದೀರಿ. ಮಕ್ಕಳು ಮುಖ ತಿರುಗಿಸಿದರು. ಮಗಳು ಕ್ರಿಸ್ಟಾಳ ಗಂಡ ಆಯಿಗೆನ್ ಇದ್ದಾನಲ್ಲ, ಸೋಫಾದಲ್ಲಿ ಬಿದ್ದುಕೊಂಡು ಹೆಂಡತಿಗೆ ಹುಕುಂ ಮಾಡುತ್ತಾ ಪರದೇಶದವರಿಗೆ ಬೈಯುವವನು, ಅದು ಸ್ವತಃ ಫಾಸ್‌ಬಿಂಡರ್. ಕಿರಾಣಿ ಅಂಗಡಿಯವನಿಗೆ ಅಲಿ ಮಾರ್ಗರಿನ್ ಕೇಳಿದರೆ ಅರ್ಥವೇ ಆಗುವುದಿಲ್ಲ. ಆಗುತ್ತದೆ, ಆಗದ ಹಾಗೆ ನಟಿಸುತ್ತಾನೆ. ಒಬ್ಬರನ್ನು ಹೊರಗಿಡಬೇಕು ಅಂದರೆ ಬೈಯಬೇಕಾಗಿಲ್ಲ, ನಿನ್ನ ಮಾತು ನನಗೆ ತಿಳಿಯುತ್ತಿಲ್ಲ ಅಂದರಾಯಿತು. ಕುತೂಹಲದ ವಿಷಯ ಅಂದರೆ ಗಲಾಟೆ ಅಂತ ಕರೆಸಿದ ಪೊಲೀಸರು ಮಾತ್ರ ಸಭ್ಯರು. ಉದ್ದ ಕೂದಲು ಬಿಟ್ಟ ಹುಡುಗರು. ಸದ್ದು ಸ್ವಲ್ಪ ಕಮ್ಮಿ ಮಾಡಿ ಅಂತ ಹೇಳಿ ಹೋಗುತ್ತಾರೆ. ಬೇರೆ ನಿರ್ದೇಶಕನಾಗಿದ್ದರೆ ಪೊಲೀಸರ ಕೈಲಿ ಹೊಡೆಸುತ್ತಿದ್ದ, ನಮಗೆ ಸಿಟ್ಟು ಬರಿಸುತ್ತಿದ್ದ. ಇವನು ಆ ಸುಲಭದ ಸಿಟ್ಟಿಗೆ ಅವಕಾಶ ಕೊಡಲಿಲ್ಲ.

ಆಮೇಲೆ ಆ ಹಳದಿ ಕುರ್ಚಿಗಳು. ಹೊರಾಂಗಣದ ಕೆಫೆ, ಸುತ್ತ ಖಾಲಿ ಹಳದಿ ಕುರ್ಚಿ, ನಡುವೆ ಇವರಿಬ್ಬರು, ದೂರದಲ್ಲಿ ಕೆಲಸದವರು ಸಾಲಾಗಿ ನಿಂತು ಸುಮ್ಮನೆ ನೋಡುತ್ತಿದ್ದಾರೆ. ಎಮ್ಮಿ ಅಳುತ್ತಾಳೆ. ಎಲ್ಲಾದರೂ ದೂರ ಹೋಗೋಣ, ವಾಪಸ್ ಬರುವಷ್ಟರಲ್ಲಿ ಎಲ್ಲರೂ ಒಳ್ಳೆಯವರಾಗಿರುತ್ತಾರೆ ಅನ್ನುತ್ತಾಳೆ. ಅಜ್ಜಿ ಕಥೆಯ ಮಾತು ಅದು. ಆದರೆ ಹಾಗೇ ಆಗುತ್ತದೆ.

ಇಲ್ಲಿಂದ ಚಿತ್ರ ನಿಜವಾಗಿ ಶುರು.

ರಜೆ ಮುಗಿಸಿ ಬರುತ್ತಾರೆ. ಅಂಗಡಿಯವನು ಈಗ ನಗುತ್ತಾ ನಮಸ್ಕಾರ ಹೇಳುತ್ತಾನೆ. ಸೂಪರ್‌ಮಾರ್ಕೆಟ್‌ಗಳು ಬಂದಿವೆ, ಒಂದು ಗಿರಾಕಿಯನ್ನೂ ಕಳೆದುಕೊಳ್ಳುವ ಹಾಗಿಲ್ಲ. ಪಕ್ಕದ ಮನೆಯಾಕೆಗೆ ಸಾಮಾನು ಇಡಲು ಎಮ್ಮಿಯ ನೆಲಮಾಳಿಗೆಯ ಜಾಗ ಬೇಕು, ಹೊರಲು ಗಟ್ಟಿಮುಟ್ಟಾದ ಅಲಿ ಇದ್ದಾನೆ. ಬ್ರೂನೊ ಬರುತ್ತಾನೆ, ಟಿವಿಯ ದುಡ್ಡಿಗೆ ಚೆಕ್ ಕೊಡುತ್ತಾನೆ. ಹಿಂದೆಯೇ ಬರುತ್ತದೆ ವಿಷಯ: ಮಧ್ಯಾಹ್ನದ ಹೊತ್ತು ಮಗು ನೋಡಿಕೊಳ್ಳಲು ಯಾರೂ ಇಲ್ಲ, ಅಮ್ಮ ನೋಡಿಕೊಳ್ಳುತ್ತಾಳಾ? ಯಾರ ಮನಸ್ಸೂ ಬದಲಾಗಿಲ್ಲ. ಎಲ್ಲರಿಗೂ ಒಂದೊಂದು ಕೆಲಸ ಬಿದ್ದಿದೆ, ಅಷ್ಟೇ. ನಾಳೆ ಆ ಕೆಲಸ ತೀರಿದರೆ ಹಳೆಯ ಮುಖ ವಾಪಸ್ ಬರುತ್ತದೆ ಅಂತ ಚಿತ್ರ ಹೇಳುವುದಿಲ್ಲ, ಹೇಳುವ ಅಗತ್ಯವೂ ಇಲ್ಲ.

ವೈವಿಧ್ಯದ ಬಗ್ಗೆ ಮಾತಾಡುವಾಗ ನಾವು ಸಾಮಾನ್ಯವಾಗಿ 'ಒಪ್ಪಿಕೊಂಡರು' ಅಂದ ಕೂಡಲೇ ನೆಮ್ಮದಿಯಾಗುತ್ತೇವೆ. ಫಾಸ್‌ಬಿಂಡರ್ ಕೇಳುವುದು ಏನನ್ನು ಒಪ್ಪಿಕೊಂಡರು ಅಂತ. ಅಂಗಡಿಯವನು ಒಪ್ಪಿಕೊಂಡಿದ್ದು ಎಮ್ಮಿಯ ಪರ್ಸನ್ನು. ನೆರೆಯಾಕೆ ಒಪ್ಪಿಕೊಂಡಿದ್ದು ಅಲಿಯ ರಟ್ಟೆಯನ್ನು.

ಇಷ್ಟಕ್ಕೇ ನಿಂತಿದ್ದರೆ ಇದೊಂದು ಜಾಣ ಚಿತ್ರ ಆಗುತ್ತಿತ್ತು. ಅವನು ಒಂದು ಹೆಜ್ಜೆ ಮುಂದೆ ಹೋಗಿ ಎಮ್ಮಿಯನ್ನೂ ಬಿಡುವುದಿಲ್ಲ. ಊರು ಹೊರಗೆ ಹಾಕಿದ್ದಾಗ ಅವಳು ಅಲಿಯ ಜೊತೆ ನಿಂತಿದ್ದಳು. ಊರು ಬಾಗಿಲು ತೆರೆದ ಕೂಡಲೇ ಅವಳು ಒಳಗೆ ಹೋಗಿಬಿಟ್ಟಳು. ಕೆಲಸದ ಗೆಳತಿಯರು ಮನೆಗೆ ಬರುತ್ತಾರೆ. ಎಮ್ಮಿ ಗಂಡನ ತೋಳು ತೋರಿಸುತ್ತಾಳೆ, ಮುಟ್ಟಿ ನೋಡಿ ಅನ್ನುತ್ತಾಳೆ. ಅವರು ಸುತ್ತ ನಿಂತು ಮುಟ್ಟುತ್ತಾರೆ, ಚರ್ಮ ಎಷ್ಟು ನುಣುಪು ಅನ್ನುತ್ತಾರೆ, ಎಷ್ಟು ಶುಚಿಯಾಗಿದ್ದಾನೆ ಅಂತ ಆಶ್ಚರ್ಯಪಡುತ್ತಾರೆ. ಸಂತೆಯಲ್ಲಿ ಹೋರಿ ನೋಡುವವರು ಇಷ್ಟು ಹತ್ತಿರ ಹೋಗುವುದಿಲ್ಲ. ಅಲಿ ಅಲ್ಲಿಂದ ಎದ್ದು ಹೋಗುತ್ತಾನೆ. ಅವನಿಗೆ ಇದ್ದಕ್ಕಿದ್ದಂತೆ ಏನಾಗುತ್ತದೋ, ಮನಸ್ಸು ಸರಿ ಇರುವುದಿಲ್ಲ ಅಂತ ಎಮ್ಮಿ ಗೆಳತಿಯರಿಗೆ ಸಮಾಧಾನ ಹೇಳುತ್ತಾಳೆ.

ಕೂಸ್‌ಕೂಸ್ ದೃಶ್ಯವನ್ನು ಇನ್ನೊಮ್ಮೆ ನೆನಪಿಸಿಕೊಳ್ಳಿ. ರವೆಯನ್ನು ಹಬೆಯಲ್ಲಿ ಬೇಯಿಸಿ ಮಾಡುವ ಅವನ ಕಡೆಯ ಊಟ. ಅವನು ಕೇಳುವುದು ಅಷ್ಟೇ, ಒಂದು ದಿನ ಕೂಸ್‌ಕೂಸ್ ಮಾಡು. ನನಗೆ ಅದು ಸೇರುವುದಿಲ್ಲ, ಜರ್ಮನಿಯಲ್ಲಿ ಅದನ್ನೆಲ್ಲ ತಿನ್ನುವುದಿಲ್ಲ, ನೀನೂ ಇಲ್ಲಿನದಕ್ಕೆ ಒಗ್ಗಿಕೊಳ್ಳಬೇಕು ಅನ್ನುತ್ತಾಳೆ. ಅವಳ ದನಿಯಲ್ಲಿ ದ್ವೇಷ ಇಲ್ಲ. ಗಂಡನಿಗೆ ಬುದ್ಧಿ ಹೇಳುವ ಹೆಂಡತಿಯ ಮಾಮೂಲಿ ದನಿ. ಅಲಿ ಎದ್ದು ಬಾರಿನ ಒಡತಿ ಬಾರ್ಬರಾಳ ಮನೆಗೆ ಹೋಗುತ್ತಾನೆ, ಅವಳಿಗೆ ಕೂಸ್‌ಕೂಸ್ ಮಾಡಲು ಬರುತ್ತದೆ. ಬೇರೆ ಚಿತ್ರಗಳಲ್ಲಿ ಇದು ಪರಸ್ತ್ರೀ ವ್ಯಾಮೋಹ ಆಗುತ್ತಿತ್ತು. ಇಲ್ಲಿ ಗಂಡಸು ಹೋಗುವುದು ತನ್ನ ಊರಿನ ಊಟ ಕೇಳಿಕೊಂಡು. ಅವಳ ಪಕ್ಕ ಮಲಗಿದಾಗಲೂ ಅವನ ಮುಖದಲ್ಲಿ ಸುಖ ಅನ್ನುವುದು ಇಲ್ಲ, ದಣಿವು ಇದೆ.

ಹಾಗಂತ ಅಲಿ ಬರೀ ಬಲಿಪಶು ಅಂತಲೂ ಅಲ್ಲ. ಎಮ್ಮಿ ಅವನನ್ನು ಹುಡುಕಿಕೊಂಡು ಗ್ಯಾರೇಜಿಗೆ ಬರುತ್ತಾಳೆ, ಮನೆಗೆ ಬಾ ಅಂತ ಅಂಗಲಾಚುತ್ತಾಳೆ. ಜೊತೆಯ ಕೆಲಸಗಾರನೊಬ್ಬ, ಇವಳೇನು ಮೊರಾಕೊದಿಂದ ಬಂದ ನಿನ್ನ ಅಜ್ಜಿಯಾ ಅನ್ನುತ್ತಾನೆ. ಎಲ್ಲರೂ ನಗುತ್ತಾರೆ. ಅಲಿಯೂ ನಗುತ್ತಾನೆ. ಅವಳು ಗೆಳತಿಯರ ಎದುರು ಅವನಿಗೆ ಏನು ಮಾಡಿದ್ದಳೋ ಅದನ್ನೇ ಅವನು ಗೆಳೆಯರ ಎದುರು ಅವಳಿಗೆ ಮಾಡಿದ. ನನಗೆ ಇಡೀ ಚಿತ್ರದಲ್ಲಿ ನೋಡಲು ಕಷ್ಟವಾಗುವುದು ಇದೇ. ಟಿವಿ ಒಡೆಯುವ ದೃಶ್ಯವನ್ನು ಹತ್ತು ಸಲ ಬೇಕಾದರೂ ನೋಡಬಲ್ಲೆ.

ಇಷ್ಟು ಹೊಗಳಿದ ಮೇಲೆ ಚಿತ್ರದ ಮೇಲಿನ ತಕರಾರನ್ನೂ ಹೇಳಬೇಕು. ಅಲಿಯ ಒಡಕು ಜರ್ಮನ್ ಇದೆಯಲ್ಲ, ಜರ್ಮನ್ ಯಜಮಾನ, ಅರಬ್ ನಾಯಿ ಅನ್ನುವ ತುಂಡು ಮಾತು, ಚಿತ್ರದ ಜರ್ಮನ್ ಶೀರ್ಷಿಕೆಯಾದ ಆ ತಪ್ಪು ವ್ಯಾಕರಣದ ವಾಕ್ಯ, ಅದು ನಮ್ಮ ಕಿವಿಗೆ ಬೀಳುವ ದನಿ ಬೆನ್ ಸಾಲೆಮ್‌ನದಲ್ಲ. ಜರ್ಮನ್ ನಟ ವೋಲ್ಫ್‌ಗಾಂಗ್ ಹೆಸ್ ಡಬ್ ಮಾಡಿದ್ದು. ಹೆಸರು ಅವನದು, ಮುಖ ಅವನದು, ಮೈ ಅವನದು. ದನಿ ಮಾತ್ರ ಜರ್ಮನ್‌ನವನದು. ಡಬ್ಬಿಂಗ್ ಆಗ ಮಾಮೂಲಿ, ನಿಜ. ಆದರೂ ಹೊರಗಿನವನೊಬ್ಬನ ದುಃಖದ ಬಗ್ಗೆ ತೆಗೆದ ಇಷ್ಟು ಒಳ್ಳೆಯ ಚಿತ್ರದಲ್ಲಿ ಅವನ ಒಡಕು ಮಾತನ್ನೂ ಒಳಗಿನವನೇ ಆಡಿದ ಅನ್ನುವುದು ನನ್ನನ್ನು ಕಾಡುತ್ತದೆ.

ಮೈಯ ಬಗ್ಗೆಯೂ ಹೇಳಬೇಕು. ಕ್ಯಾಮೆರಾ ಅಲಿಯ ಬೆತ್ತಲೆ ಮೈಯನ್ನು ನಿಧಾನವಾಗಿ ನೋಡುತ್ತದೆ. ಗೆಳತಿಯರು ತೋಳು ಮುಟ್ಟುವುದನ್ನು ಟೀಕಿಸುವ ಚಿತ್ರವೇ ಇನ್ನೊಂದು ಕಡೆ ಅದೇ ಮೈಯನ್ನು ಆಸೆಯಿಂದ ನೋಡುತ್ತದೆ. ಬೆನ್ ಸಾಲೆಮ್ ಆ ಕಾಲಕ್ಕೆ ಫಾಸ್‌ಬಿಂಡರ್‌ನ ಪ್ರೇಮಿ. ಇಬ್ಬರೂ 1970ರ ದಶಕದ ಶುರುವಿನಲ್ಲಿ ಪ್ಯಾರಿಸ್‌ನಲ್ಲಿ ಭೇಟಿಯಾದವರು. ಊರಲ್ಲಿ ಬೆನ್ ಸಾಲೆಮ್‌ಗೆ ಹೆಂಡತಿ, ಮಕ್ಕಳು ಇದ್ದರು. ಆಮೇಲೆ ಸಂಬಂಧ ಮುರಿಯಿತು. ಕುಡಿತ ಜಾಸ್ತಿಯಾಗಿ, ಬರ್ಲಿನ್‌ನಲ್ಲಿ ಚಾಕು ಇರಿತದ ಪ್ರಕರಣವಾಗಿ ಅವನು ಫ್ರಾನ್ಸಿಗೆ ಹೋದ. 1977ರಲ್ಲಿ ಅಲ್ಲಿನ ಜೈಲಿನಲ್ಲಿ ಸತ್ತ. ಫಾಸ್‌ಬಿಂಡರ್‌ಗೆ ಈ ಸುದ್ದಿ ತಿಳಿದದ್ದು ವರ್ಷಗಳ ನಂತರ. 1982ರಲ್ಲಿ, 37ನೇ ವಯಸ್ಸಿಗೆ ತಾನೂ ಸಾಯುವ ಮುಂಚೆ ಮಾಡಿದ ಕೊನೆಯ ಚಿತ್ರ 'ಕೆರೆಲ್' ಅನ್ನು ಅವನ ಜೊತೆಗಿನ ಸ್ನೇಹಕ್ಕೆ ಅರ್ಪಿಸಿದ. ಆ ಅರ್ಪಣೆಯಲ್ಲಿ ಪೂರ್ತಿ ಹೆಸರು ಬರೆದಿದ್ದಾನೆ. ಇದೇ ನಟನ ಬದುಕಿನ ಬಗ್ಗೆ ವಿಯೋಲಾ ಶಫೀಕ್ ಅನ್ನುವ ಈಜಿಪ್ಟ್-ಜರ್ಮನ್ ನಿರ್ದೇಶಕಿ ಒಂದು ಸಾಕ್ಷ್ಯಚಿತ್ರ ಮಾಡಿದ್ದಾರೆ. ಅದರ ಇಂಗ್ಲಿಷ್ ಶೀರ್ಷಿಕೆಯ ಅರ್ಥ 'ನನ್ನ ಹೆಸರು ಅಲಿ ಅಲ್ಲ'.

ಇದನ್ನೆಲ್ಲ ಹೇಳಿದ್ದು ಫಾಸ್‌ಬಿಂಡರ್‌ನನ್ನು ಕಟಕಟೆಯಲ್ಲಿ ನಿಲ್ಲಿಸಲು ಅಲ್ಲ. ಅವನು ಬಂದ ದಾರಿಯನ್ನೂ ನೋಡಬೇಕು. 1969ರಲ್ಲಿ 'ಕಾಟ್ಸೆಲ್‌ಮಾಖರ್' ಅನ್ನುವ ಚಿತ್ರದಲ್ಲಿ ಗ್ರೀಸ್‌ನಿಂದ ಬಂದ ಕೆಲಸಗಾರನ ಪಾತ್ರವನ್ನು ತಾನೇ ಮಾಡಿದ್ದ. ಜರ್ಮನ್‌ನವನೇ ಒಡಕು ಜರ್ಮನ್ ಆಡಿ ಗ್ರೀಕನಾದ. ಐದು ವರ್ಷದೊಳಗೆ ಆ ಜಾಗದಲ್ಲಿ ಉತ್ತರ ಆಫ್ರಿಕಾದವನನ್ನೇ ನಿಲ್ಲಿಸಿ, ತಾನು ಸೋಫಾದ ಮೇಲಿನ ದರಿದ್ರ ಅಳಿಯನ ಪಾತ್ರಕ್ಕೆ ಸರಿದ. ಅಷ್ಟು ದೂರ ಬಂದಿದ್ದ. ಉಳಿದ ದೂರವನ್ನು ಕ್ರಮಿಸಿದವರು ಆ ಕೆಲಸಗಾರರ ಮಕ್ಕಳು. ನಿರ್ದೇಶಕ ಫಾತಿಹ್ ಅಕಿನ್ ಹುಟ್ಟಿದ್ದು 1973ರಲ್ಲಿ, ಹ್ಯಾಂಬರ್ಗ್‌ನಲ್ಲಿ, ಟರ್ಕಿಯಿಂದ ಬಂದ ಅಪ್ಪ ಅಮ್ಮನಿಗೆ. ಈ ಚಿತ್ರದ ಶೂಟಿಂಗ್ ನಡೆದ ವರ್ಷವೇ. 2004ರಲ್ಲಿ ಅವನ 'ಗೆಗೆನ್ ದೀ ವಾಂಡ್' ಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದ ದೊಡ್ಡ ಪ್ರಶಸ್ತಿ ಗೋಲ್ಡನ್ ಬೇರ್ ಬಂತು. ಅದರ ನಾಯಕ, ನಾಯಕಿ ಒಡಕು ಜರ್ಮನ್ ಆಡುವುದಿಲ್ಲ. ಜರ್ಮನ್‌ನಲ್ಲೇ ಸಲೀಸಾಗಿ ಜಗಳವಾಡುತ್ತಾರೆ. ಅಲಿಯ ಹಾಗೆ ಪಾಪದವರಲ್ಲ, ಕೆಲವೊಮ್ಮೆ ಸಹಿಸಲಾಗದವರು.

ಅಲಿಯ ಹೊಟ್ಟೆಹುಣ್ಣಿನ ಬಗ್ಗೆ ಒಂದು ಮಾತು. ಮತ್ತೆ ಅದೇ ಬಾರು, ಅದೇ ಹಾಡು, ಇಬ್ಬರೂ ಕುಣಿಯುತ್ತಾರೆ, ಅವನು ಕುಸಿಯುತ್ತಾನೆ. ಆಸ್ಪತ್ರೆಯಲ್ಲಿ ಡಾಕ್ಟರ್ ಹೇಳುತ್ತಾನೆ: ಹುಣ್ಣು ಒಡೆದಿದೆ, ಪರದೇಶದ ಕೆಲಸಗಾರರಲ್ಲಿ ಇದು ಮಾಮೂಲಿ, ಅವರ ಮೇಲಿನ ಒತ್ತಡ ಅಂಥದ್ದು. ಆಪರೇಷನ್ ಮಾಡಿದರೂ ಆರು ತಿಂಗಳಲ್ಲಿ ಮತ್ತೆ ಬರುತ್ತಾನೆ. ಇಲ್ಲ, ನಾನು ನೋಡಿಕೊಳ್ಳುತ್ತೇನೆ ಅನ್ನುತ್ತಾಳೆ ಎಮ್ಮಿ. ಪ್ರೀತಿಯಿಂದ ವಾಸಿಯಾಗುತ್ತದಾ ಅಂತ ಕೆಲವರು ಚರ್ಚಿಸುತ್ತಾರೆ. ನನಗೆ ಮುಖ್ಯ ಅನ್ನಿಸುವುದು ಡಾಕ್ಟರ್‌ನ 'ಮಾಮೂಲಿ' ಅನ್ನುವ ಮಾತು. ಪ್ರೇಮಕಥೆಗಳಲ್ಲಿ ನಾಯಕನಿಗೆ ಬರುವ ಕಾಯಿಲೆ ಅವನೊಬ್ಬನದೇ ಆಗಿರುತ್ತದೆ. ಇಲ್ಲಿ ಕಾಯಿಲೆಗೂ ಒಂದು ವರ್ಗ ಇದೆ, ಸಂಬಳದ ಚೀಟಿ ಇದೆ. ಎಮ್ಮಿ ಎಷ್ಟೇ ಆರೈಕೆ ಮಾಡಿದರೂ ಅವನ ಪಾಳಿ, ಅವನ ವೀಸಾ, ಅವನ ಆರು ಜನರ ಕೋಣೆಯ ವರ್ಷಗಳು ಅವಳ ಕೈಯಲ್ಲಿಲ್ಲ.

ಕೊನೆಯದಾಗಿ ಯೊಲಾಂಡಾ. ಎಷ್ಟು ಜನಕ್ಕೆ ಅವಳು ನೆನಪಿದ್ದಾಳೆ?

ಕ್ಲೀನಿಂಗ್ ಹೆಂಗಸರು ಮೆಟ್ಟಿಲ ಮೇಲೆ ಕೂತು ಬುತ್ತಿ ತಿನ್ನುವ ದೃಶ್ಯ ಎರಡು ಸಲ ಬರುತ್ತದೆ. ಮೊದಲ ಸಲ ಎಮ್ಮಿಯನ್ನು ಹೊರಗಿಡುತ್ತಾರೆ. ಒಬ್ಬಳೇ ಕೂತಿರುತ್ತಾಳೆ, ಕ್ಯಾಮೆರಾ ಮೆಟ್ಟಿಲ ಕಂಬಿಗಳ ಆಚೆಯಿಂದ ನೋಡುತ್ತದೆ, ಜೈಲಿನೊಳಗೆ ಇರುವ ಹಾಗೆ ಕಾಣುತ್ತಾಳೆ. ಎರಡನೇ ಸಲ ಯುಗೋಸ್ಲಾವಿಯದ ಹರ್ಟ್ಸೆಗೊವಿನದಿಂದ ಬಂದ ಹೊಸಬಳು ಯೊಲಾಂಡಾ ಆ ಕಂಬಿಗಳ ಹಿಂದೆ ಕೂತಿದ್ದಾಳೆ. ಅವಳಿಗೆ ಕಮ್ಮಿ ಸಂಬಳ. ಉಳಿದವರು ಸಂಬಳ ಏರಿಸಿ ಅಂತ ಕೇಳುವ ಮಾತಾಡಬೇಕು, ಅವಳನ್ನು ಬಿಟ್ಟು ಆ ಕಡೆ ಸರಿಯುತ್ತಾರೆ. ಎಮ್ಮಿಯೂ ಎದ್ದು ಅವರ ಜೊತೆ ಸರಿಯುತ್ತಾಳೆ. ಒಂದು ಕ್ಷಣವೂ ಯೋಚಿಸುವುದಿಲ್ಲ.

ಆಮೇಲೆ ಚಿತ್ರದಲ್ಲಿ ಯೊಲಾಂಡಾ ಮತ್ತೆ ಬರುವುದಿಲ್ಲ. ಎಮ್ಮಿಗೆ ಅಲಿ ವಾಪಸ್ ಸಿಗುತ್ತಾನೆ, ಅಲಿಗೆ ಎಮ್ಮಿ ಸಿಗುತ್ತಾಳೆ, ಇಬ್ಬರೂ ಒಬ್ಬರನ್ನೊಬ್ಬರು ಕ್ಷಮಿಸುತ್ತಾರೆ. ಯೊಲಾಂಡಾಳ ಹತ್ತಿರ ಹೋಗಿ ಯಾರೂ ಏನೂ ಹೇಳುವುದಿಲ್ಲ, ಚಿತ್ರಕ್ಕೂ ಅವಳ ನೆನಪಾಗುವುದಿಲ್ಲ. ಇದು ಫಾಸ್‌ಬಿಂಡರ್ ಬೇಕೆಂದೇ ಬಿಟ್ಟ ಜಾಗವಾ, ಅಥವಾ ಪ್ರೇಮಕಥೆಯ ಆತುರದಲ್ಲಿ ಅವನೂ ಅವಳನ್ನು ಮೆಟ್ಟಿಲ ಮೇಲೆ ಬಿಟ್ಟು ಆ ಕಡೆ ಸರಿದನಾ? ನಾನು ಮೊದಲನೆಯದರ ಕಡೆ ವಾಲುತ್ತೇನೆ, ಆದರೆ ಎರಡನೆಯದನ್ನು ವಾದ ಮಾಡುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಚರ್ಚೆಯನ್ನು ಅಲ್ಲಿಂದ ಶುರು ಮಾಡೋಣ. ಮೈಕ್ ಹಿಂದಿನ ಸಾಲಿಗೆ ಮೊದಲು ಕೊಡಿ, ಅಲ್ಲೊಬ್ಬರು ಆಗಿನಿಂದ ಕೈ ಎತ್ತಿಕೊಂಡಿದ್ದಾರೆ.